ಒಬ್ಬಳೇ ಹಾಡುವ ಹಕ್ಕು

ಸೋಫಾಕ್ಕೆ ಬೆನ್ನು ಕೊಟ್ಟು, ಕಾಲಮೇಲೆ ಕಂಬಳಿ ಎಳೆದುಕೊಂಡ ಮನುಷ್ಯನು ಅರ್ಧ ಗಳಿಗೆಯೊಳಗಾಗಿ ನ್ಯಾಯಾಧೀಶನಾಗಿಬಿಡುತ್ತಾನೆ ಎಂಬ ಸತ್ಯವನ್ನು ನೀವೂ ನಿಮ್ಮ ಮನೆಯಲ್ಲಿ ಕಂಡಿರಬಹುದು. ಎದುರಿನ ಟಿವಿಯಲ್ಲಿ ಯಾರೋ ಪ್ರಾಣವನ್ನು ಪಣಕ್ಕಿಟ್ಟು ಹಗ್ಗದ ಮೇಲೆ ನಡೆಯುತ್ತಿರುತ್ತಾರೆ. ಸ್ವಂತ ಮನೆಯ ಮೆಟ್ಟಿಲಿಳಿಯಲು ಗೋಡೆ ಹಿಡಿಯುವ ನಾವು, ಕಾಲು ಸ್ವಲ್ಪ ನಡುಗಿತು, ಮೊದಲಿನ ಬಿಗಿ ಇಲ್ಲ, ಎಂದು ಗಂಭೀರವಾಗಿ ತೀರ್ಪು ಕೊಡುತ್ತೇವೆ.

ನನಗಾದರೋ ಈ ಪದವಿ ಹೊಸದಲ್ಲ. ಕುನ್ನೂರಿನ ಬಳಿಯ ಟೀ ಫ್ಯಾಕ್ಟರಿಯೊಂದರಲ್ಲಿ, ಸಣ್ಣ ಬೆಳೆಗಾರರು ತರುವ ಎಲೆಯನ್ನು ಪರೀಕ್ಷಿಸುವ ಕೆಲಸದಲ್ಲಿ ನನ್ನ ಯೌವನವೂ ಮಧ್ಯವಯಸ್ಸೂ ಸಂದವು. ಚೀಲದ ಬಾಯಿ ಬಿಚ್ಚುವುದು, ಮೊಳಕೈವರೆಗೆ ಕೈ ತೂರಿಸುವುದು, ಎಲೆ ಬೆಂದು ಬಿಸಿಯಾಗಿದೆಯೋ ಬಲಿತು ಒರಟಾಗಿದೆಯೋ ಎಂದು ಕ್ಷಣಮಾತ್ರದಲ್ಲಿ ನಿರ್ಣಯಿಸಿ ತಲೆಯಾಡಿಸುವುದು. ಮೇಲ್ಮನವಿಗೆ ಅವಕಾಶವಿಲ್ಲದ ನ್ಯಾಯಾಲಯವದು. ಒಮ್ಮೆ ನನ್ನ ಸ್ವಂತ ತಂಗಿ ಮಾದಿಯ ಚೀಲವನ್ನೇ ಹಿಂದಕ್ಕೆ ಕಳುಹಿಸಿ ನಿಷ್ಪಕ್ಷಪಾತವನ್ನು ಮೆರೆದೆ. ಆಮೇಲೆ ಎರಡು ವಾರ ಅವಳ ಮನೆಯಲ್ಲಿ ನನಗೆ ಬಿಸಿನೀರೂ ಹುಟ್ಟಲಿಲ್ಲ.

ಹೀಗೆ ಅನುಭವಸಂಪನ್ನರಾದ ಅಣ್ಣತಂಗಿಯರಿಬ್ಬರೂ ಕಳೆದ ಚಳಿಗಾಲದಲ್ಲಿ ಬ್ರಿಟನ್ನಿನ ಪ್ರತಿಭಾ ಸ್ಪರ್ಧೆಯೊಂದರ ಒಂದು ಇಡೀ ಸೀಸನ್ನನ್ನು ಆದ್ಯಂತ ನೋಡಿ ಮುಗಿಸಿದೆವು. ಮಾದಿ ಹುಬ್ಬತಲೈಯ ನಮ್ಮ ಹಟ್ಟಿಯಲ್ಲಿ ನನ್ನ ಪಕ್ಕದ ಮನೆಯವಳು, ಗಂಡ ತೀರಿಕೊಂಡವಳು. ಶಾಲೆಯಲ್ಲಿ ಇಂಗ್ಲಿಷ್ ಕಲಿಸುವ ಅವಳ ಸೊಸೆ ತನ್ನ ಫೋನಿನಿಂದ ಅದನ್ನು ನಮ್ಮ ಟಿವಿಗೆ ಹಾಕಿಕೊಟ್ಟು, ಸಂಜೆಯ ಚಹಾದ ಹೊತ್ತಿಗೆ ದಿನಕ್ಕೊಂದು ಕಂತು ಎಂದು ಪಥ್ಯವನ್ನೂ ವಿಧಿಸಿದಳು. ಕೋಸು, ಕ್ಯಾರೆಟ್ಟು, ಕ್ಲಬ್ಬು ಮೊದಲಾದವನ್ನು ನಮ್ಮ ಬೆಟ್ಟಗಳ ಮೇಲೆ ನೆಟ್ಟುಹೋದ ಜನ ಆ ಬ್ರಿಟನ್ನಿನವರು. ಒಂದು ಕಾಲಕ್ಕೆ ಅವರು ಆರಾಮಕುರ್ಚಿಯಲ್ಲಿ ಕೂತು ನಮ್ಮ ಕುಣಿತ ನೋಡಿ ತಲೆಯಾಡಿಸುತ್ತಿದ್ದರಂತೆ. ಈಗ ಅವರು ಕುಣಿಯುತ್ತಾರೆ, ನಾವು ಕಂಬಳಿ ಹೊದ್ದು ತಲೆಯಾಡಿಸುತ್ತೇವೆ. ಚರಿತ್ರೆ ಇಷ್ಟು ಸೌಮ್ಯವಾಗಿ ಸೇಡು ತೀರಿಸಿಕೊಂಡ ನಿದರ್ಶನ ಇನ್ನೊಂದಿರಲಾರದು.

ಆದರೆ ಒಪ್ಪಿಕೊಳ್ಳಬೇಕು, ಹಾಸ್ಯ ಮಾಡಲು ಕೂತವನು ಮೂರನೆಯ ಸಂಜೆಗೆ ಭಕ್ತನಾಗಿದ್ದೆ. ನಾಲ್ವರು ತೀರ್ಪುಗಾರರು, ಪ್ರತಿಯೊಬ್ಬರ ಮುಂದೆ ಒಂದೊಂದು ಕೆಂಪು ಗುಂಡಿ, ನಾಲ್ಕೂ ಅದುಮಿದರೆ ಸ್ಪರ್ಧಿ ಅಲ್ಲಿಗೇ ನಿಲ್ಲಿಸಬೇಕು. ಈ ಘೋರ ಯಂತ್ರದೆದುರಿಗೆ ಬಂದು ನಿಲ್ಲುವವರಾದರೂ ಯಾರು? ರೈಲಿನ ಸಕಲ ಶಬ್ದಗಳನ್ನೂ ಬಾಯಿಂದ ಹೊರಡಿಸುವ ಒಬ್ಬ ಅಜ್ಜ, ಕುಣಿಯುವ ನಡುವೆ ಕೂತು ಕಿವಿ ಕೆರೆದುಕೊಂಡು ಮತ್ತೆ ತಾಳಕ್ಕೆ ಸರಿಯಾಗಿ ಸೇರಿಕೊಂಡ ಒಂದು ನಾಯಿ, ತನ್ನನ್ನೇ ಪೆಟ್ಟಿಗೆಯಲ್ಲಿ ಬೀಗ ಹಾಕಿಸಿಕೊಂಡು ಸಭಿಕರ ಹಿಂದಿನ ಸಾಲಿನಿಂದ ಎದ್ದುಬಂದ ಒಬ್ಬ ಜಾದೂಗಾರ. ಸೋತವರೂ ಕೈಬೀಸಿ ನಗುತ್ತಲೇ ಹೋದರು. ನಾನು ತಿರಸ್ಕರಿಸಿದ ಚೀಲದೊಡೆಯರಲ್ಲಿ ಯಾರೂ ನನ್ನತ್ತ ಹಾಗೆ ಕೈಬೀಸಿದ ನೆನಪಿಲ್ಲ.

ಐದನೆಯ ಕಂತಿನಲ್ಲಿ, ಶಾಲೆಯೊಂದರಲ್ಲಿ ಮಕ್ಕಳಿಗೆ ಮಧ್ಯಾಹ್ನದ ಊಟ ಬಡಿಸುವ ಹೆಂಗಸೊಬ್ಬಳು ಬಂದಳು. ಅರುವತ್ತರ ಹತ್ತಿರದ ವಯಸ್ಸು, ಗುಂಡು ಮೈ, ಕೈಯನ್ನು ಎಲ್ಲಿಟ್ಟುಕೊಳ್ಳಬೇಕೆಂದು ತಿಳಿಯದ ನಿಲುವು. ಸಭೆಯಲ್ಲಿ ಕಿಸಕ್ಕೆಂದರು. ಅವಳು ಹಾಡತೊಡಗಿದಳು. ಕಿಸಕ್ಕೆಂದವರ ಮುಖ ಒಂದೊಂದಾಗಿ ನೆಟ್ಟಗಾಯಿತು. ಕಿಕ್ಕಿರಿದ ಸಭಾಂಗಣ ಉಸಿರು ಹಿಡಿದು ಕೂತಿತು. ಅವಳು ಮುಗಿಸಿದ ಮೇಲೆ ಒಟ್ಟಿಗೆ ಎದ್ದು ನಿಂತಿತು. ನಾನು ಮೆಲ್ಲಗೆ ಕನ್ನಡಕ ತೆಗೆದೆ. ಮಾದಿ ಮಾತ್ರ ಬೇರೇನನ್ನೋ ನೋಡಿದ್ದಳು.

"ಅಣ್ಣಾ, ಅವ ಹಾಡುವಾಗ ಒಬ್ಬರೂ ಕೂಡಿ ಹಾಡಲೇ ಇಲ್ಲೆ" ಎಂದಳು; ಅವ ಎಂದರೆ ನಮ್ಮ ಮಾತಿನಲ್ಲಿ ಅವಳು.

ನಾನು ಅದನ್ನು ಕನಿಕರವೆಂದೇ ತಿಳಿದೆ. ಏಕೆಂದರೆ ನಮ್ಮ ಹಟ್ಟಿಗಳಲ್ಲಿ ಒಬ್ಬರನ್ನೇ ಹಾಡಲು ಬಿಡುವುದೆಂದರೆ ಒಬ್ಬರ ತಲೆಯ ಮೇಲೇ ಹೊರೆ ಬಿಟ್ಟು ಕೈಬೀಸಿಕೊಂಡು ನಡೆದಂತೆ. ಮೊದಲ ಅರ್ಧ ಸಾಲು ಹಾಡಿದವರದು, ಉಳಿದರ್ಧ ಊರಿನದು. ಕುಣಿತವೂ ಅಷ್ಟೆ, ಸುತ್ತುಕಟ್ಟಿ ಎಲ್ಲರೂ ಕುಣಿಯುತ್ತೇವೆ, ನೋಡಲು ಉಳಿಯುವವರು ತೊಟ್ಟಿಲ ಮಕ್ಕಳು ಮತ್ತು ಮಂಡಿನೋವಿನವರು. ಪ್ರೇಕ್ಷಕ ಎಂಬ ಪ್ರಾಣಿಯನ್ನು ನಮ್ಮ ಸಂಸ್ಕೃತಿ ಸಾಕಲೇ ಇಲ್ಲ. ಈ ತತ್ತ್ವವನ್ನು ನಾನು ಸವಿಸ್ತಾರವಾಗಿ ನಿರೂಪಿಸುತ್ತಿರುವಾಗ ತಂಗಿಯ ಮುಖ ಕಂಡಿತು. ಅಲ್ಲಿದ್ದುದು ಕನಿಕರವಲ್ಲ, ಹಂಬಲ. ನಾಲ್ಕು ಹಟ್ಟಿಗೆ ಒಂದೇ ಎನ್ನುವಂಥ ಕಂಠ ಅವಳದು, ಆದರೆ ಅದನ್ನು ಪೂರ್ತಿಯಾಗಿ ಕೇಳಿದವರು ಯಾರೂ ಇಲ್ಲ. ನಾವು ಬಿಟ್ಟಿರಲಿಲ್ಲ.

ಊಟ ಬಡಿಸುವವಳು ಸೆಮಿಫೈನಲ್ ದಾಟಿ, ಫೈನಲ್‌ನಲ್ಲಿ ಜಾದೂಗಾರನಿಗೆ ಸೋತು ಎರಡನೆಯವಳಾದಳು. ನಾನು ತೀರ್ಪನ್ನು ಉಗ್ರವಾಗಿ ಖಂಡಿಸಿದೆ. ಕೊನೆಯವರೆಗೂ ಹಾಡಿದಳಲ್ಲ, ಅಷ್ಟು ಸಾಕು ಎಂದು ಮಾದಿ ಲೋಟ ಎತ್ತಿಕೊಂಡು ಎದ್ದಳು.

ಅದೇ ತಿಂಗಳು ಕುನ್ನೂರಿನಲ್ಲಿ ಬೆಳೆಗಾರರ ಸಂಘದ ವಾರ್ಷಿಕೋತ್ಸವ ಬಂತು. ಅಲ್ಲೊಂದು ಹಾಡಿನ ಸ್ಪರ್ಧೆ. ಮಾದಿ ಯಾರಿಗೂ ಹೇಳದೆ ಸೊಸೆಯಿಂದ ಅರ್ಜಿ ತುಂಬಿಸಿ ಕೊಟ್ಟಿದ್ದಳು. ನಿಯಮ ಒಂದೇ: ಒಬ್ಬರೇ ಹಾಡಬೇಕು, ಬೇರೆಯವರ ದನಿ ಸೇರಿದರೆ ಸ್ಪರ್ಧೆಯಿಂದ ಹೊರಕ್ಕೆ. ಸುದ್ದಿ ತಿಳಿದ ಹಟ್ಟಿ ಆನಂದಭರಿತವಾಗಿ ಎರಡು ವ್ಯಾನು ಗೊತ್ತುಮಾಡಿತು. ಮಾದಿಗೆ ಬೆಂಬಲ ಕೊಡಲು, ಎಂದರು. ಬೆಂಬಲ ಎಂಬುದಕ್ಕೆ ನಮ್ಮ ನಿಘಂಟಿನಲ್ಲಿ ಅರ್ಥವೇನೆಂದು ಮೇಲೆ ನಿವೇದಿಸಿದ್ದೇನೆ. ಅವಳ ಆಸೆ ಮಣ್ಣುಗೂಡಲು ಬೇರೆ ಶತ್ರುಗಳೇ ಬೇಕಿರಲಿಲ್ಲ.

ಮಾದಿಯ ಕಡೆಯಿಂದ ಸಂಧಾನಕ್ಕೆ ನನ್ನನ್ನು ನಿಯೋಜಿಸಲಾಯಿತು. ಊರಿನ ಹಿರಿಯರಾದ ಹಾಲಗೌಡರು ಅಂಗಳದಲ್ಲಿ ಬಿತ್ತನೆಯ ಆಲೂಗಡ್ಡೆ ಆರಿಸುತ್ತ ಕೂತಿದ್ದರು. ನಾನು ಅಂತರರಾಷ್ಟ್ರೀಯ ಸ್ಪರ್ಧಾನಿಯಮಗಳನ್ನು ಬ್ರಿಟನ್ನಿನ ಉದಾಹರಣೆ ಸಹಿತ ವಿವರಿಸಿದೆ. ಅವರು ಒಂದು ಕೊಳೆತ ಗಡ್ಡೆಯನ್ನು ಆಚೆಗೆಸೆದು ಕೇಳಿದರು:

"ಅವ ಒಬ್ಬಳೇ ಹಾಡೋಕೆ ನಂಗ ಎಲ್ಲ ಸತ್ತುಹೋದೆವಾ, ಭೋಜಾ?"

ಊರಿನ ಮೇಲೆ ಅವಳಿಗೇನು ಮುನಿಸು, ಯಾರು ಏನೆಂದರು, ಹೇಳು ಎಂದು ಅವರು ಒತ್ತಾಯಿಸುತ್ತಿದ್ದಾಗ ಮಾದಿಯೇ ಬಂದಳು. ಎಲೆ ಕೊಯ್ದ ಕೈ ಕಪ್ಪಗಿತ್ತು.

"ಗೌಡ್ರೇ, ನನ್ನ ಗಂಡ ತೀರಿದಂದು ಊರೆಲ್ಲ ಕೂಡಿ ಅತ್ತಿರಿ. ಇಲ್ಲದಿದ್ದರೆ ನಾ ಉಳಿತಿರಲಿಲ್ಲೆ. ಮುನಿಸು ಇಲ್ಲೆ" ಎಂದಳು. ಆ ಕೈಯನ್ನು ಬಟ್ಟೆಗೆ ಒರೆಸಿಕೊಂಡಳು. "ಒಂದೇ ಒಂದು ಹಾಡು ನನಗೆ ಬಿಡಿ. ಅದು ಹೇಗೆ ಕೇಳ್ತದೆ ಅಂತ ನಾನೂ ಕೇಳ್ಬೇಕು."

ಹಾಲಗೌಡರು ಕೈಯಲ್ಲಿದ್ದ ಗಡ್ಡೆಯನ್ನು ಬುಟ್ಟಿಗೆ ಹಾಕಿ ಎದ್ದರು. ಅನಂತರ ಊರಿಗೆ ಕಟ್ಟಪ್ಪಣೆ ಹೊರಟಿತು: ಕುನ್ನೂರಿನ ಸಭೆಯಲ್ಲಿ, ಮಾದಿ ತಾನಾಗಿ ಹೇಳುವವರೆಗೆ, ನಮ್ಮವರು ಒಬ್ಬರೂ ಬಾಯಿಂದಾಗಲಿ ಕೈಯಿಂದಾಗಲಿ ಒಂದು ಸದ್ದೂ ಮಾಡಕೂಡದು.

ಆ ದಿನ ಸಭಾಂಗಣದ ಮುಂದಿನ ಏಳು ಸಾಲು ನಮ್ಮ ಬಿಳಿ ಶಾಲುಗಳಿಂದ ತುಂಬಿತ್ತು. ಮಾದಿ ಹಾಡಿದ್ದು ನಮ್ಮ ಅವ್ವ ಕಲಿಸಿದ ಹಾಡು: ಕೂಕಲ್ತೊರೈ ಕಡೆಗೆ ಮದುವೆಯಾಗಿ ಹೋದ ಹುಡುಗಿಯೊಬ್ಬಳು ಬೆಟ್ಟದಂಚಿಗೆ ಬಂದು ತವರಿನ ಒಲೆಯ ಹೊಗೆಯನ್ನು ನೋಡುವ ಹಾಡು. ಮೊದಲ ಅರ್ಧ ಸಾಲು ಹಾಡಿ, ಜನ್ಮದ ಅಭ್ಯಾಸದಂತೆ ಅವಳು ನಿಲ್ಲಿಸಿದಳು. ಉಳಿದರ್ಧ ನಮ್ಮದು. ನಾವು ಸುಮ್ಮನಿದ್ದೆವು. ಅಂಥ ನಿಶ್ಶಬ್ದವನ್ನು ನಾನು ಬದುಕಿನಲ್ಲಿ ಹೊತ್ತಿಲ್ಲ. ಹಾಲಗೌಡರು ಶಾಲಿನ ಅಂಚನ್ನು ಬಾಯಿಗೆ ತುರುಕಿಕೊಂಡಿದ್ದರು. ಮಾದಿ ನಮ್ಮನ್ನು ನೋಡಿದಳು, ಈ ಮೌನ ತಾನೇ ಬೇಡಿದ್ದೆಂದು ನೆನಪಾದವಳಂತೆ ಕತ್ತೆತ್ತಿ, ಊರಿನ ಅರ್ಧವನ್ನೂ ತಾನೇ ಹಾಡಿದಳು.

ಉಸಿರು ಸಾಲಲಿಲ್ಲ. ಎರಡು ಕಡೆ ದನಿ ಒಡೆಯಿತು. ಮೂರನೆಯ ಚರಣದಿಂದಾಚೆಗೆ ಅವಳಿಗೆ ತನ್ನ ದನಿಯ ಅಳತೆ ಸಿಕ್ಕಿತು. ಕೊನೆಯ ಸಾಲಿನಲ್ಲಿ ಮಾತುಗಳಿವೆ ಎಂಬುದೇ ನನಗೆ ಅಂದಿನವರೆಗೆ ಗೊತ್ತಿರಲಿಲ್ಲ. ಹುಟ್ಟಿದಾರಭ್ಯ ನಾವು ಅದನ್ನು ಕುಣಿತದ ಗದ್ದಲದಲ್ಲಿ ಮುಳುಗಿಸಿದ್ದೆವು. ಆ ಹುಡುಗಿ ಹೊಗೆಗೆ ಹೇಳುತ್ತಾಳೆ: ಗಾಳಿ ತಣ್ಣಗಿದೆ, ನೀನು ಒಳಗೆ ಹೋಗು, ನಾನು ನೋಡಿಯಾಯಿತು.

ಹಾಡು ಮುಗಿಯಿತು. ಏಳು ಸಾಲುಗಳಲ್ಲಿ ಒಂದು ಕೈಯೂ ತಟ್ಟಲಿಲ್ಲ. ಕಟ್ಟಪ್ಪಣೆ ಇನ್ನೂ ಜಾರಿಯಲ್ಲಿತ್ತಲ್ಲ! ಸ್ವಂತ ಊರಿನವರೇ ಕಲ್ಲಿನಂತೆ ಕೂತಿರುವುದನ್ನು ಕಂಡು ಹಿಂದಿನ ಸಾಲಿನವರೂ ಕೈ ಕಟ್ಟಿಕೊಂಡರು. ತೀರ್ಪುಗಾರರು ಸಂಕೋಚದಿಂದ ಕಾಗದ ನೋಡತೊಡಗಿದರು. ಮಾದಿಯ ಮುಖ ಮೊದಲು ಬಿಳುಪೇರಿತು, ಆಮೇಲೆ ಅವಳಿಗೆ ಅರ್ಥವಾಯಿತು. ಮೈಕಿಗೆ ಬಾಗಿ ಮೆಲ್ಲಗೆ ಹೇಳಿದಳು:

"ಸಾಕು. ಇನ್ನು ಬಾಯಿ ಬಿಡಿ."

ಅನಂತರದ್ದನ್ನು ಚಪ್ಪಾಳೆ ಎನ್ನಲಾಗದು. ಏಳು ಸಾಲೂ ವೇದಿಕೆ ಹತ್ತಿ, ಸುತ್ತುಕಟ್ಟಿ, ಹಾಡನ್ನು ಮೊದಲಿನಿಂದ ಹಿಡಿದು ಕುಣಿದವು. ಮೈಕಿನ ಕಂಬ ಉರುಳಿತು. ಸಂಘದ ಕಾರ್ಯದರ್ಶಿಗಳು ಇಳಿಯಿರೆಂದು ಕೈಮುಗಿಯುತ್ತ ಬಂದು, ಸುತ್ತಿನೊಳಗೆ ಸಿಕ್ಕಿಕೊಂಡು, ತಾವೂ ಎರಡು ಹೆಜ್ಜೆ ಹಾಕಬೇಕಾಯಿತು. ಮಾದಿಗೆ ಸಮಾಧಾನಕರ ಬಹುಮಾನವೆಂದು ಒಂದು ಫ್ಲಾಸ್ಕು ಸಿಕ್ಕಿತು. ಆಗಾಗ ದನಿ ಒಡೆಯಿತು, ಉಸಿರಿನ ಹಿಡಿತ ಸಾಲದು ಎಂದರು ತೀರ್ಪುಗಾರರು. ನ್ಯಾಯವಾದ ಮಾತೇ. ಚೀಲಕ್ಕೆ ಕೈಹಾಕಿದ ನಾನೂ ಒಂದು ಕಾಲಕ್ಕೆ ಅದನ್ನೇ ಹೇಳುತ್ತಿದ್ದೆ.

ಹಿಂದಿರುಗುವಾಗ ವ್ಯಾನಿನಲ್ಲಿ ಸಹಜವಾಗಿಯೇ ಮತ್ತೆ ಅದೇ ಹಾಡು ಎದ್ದಿತು. ಅರ್ಧ ಸಾಲು ಅವಳದು, ಅರ್ಧ ನಮ್ಮದು, ಎಂದಿನ ಗದ್ದಲ. ಕೊನೆಯ ಸಾಲಿಗೆ ಬಂದಾಗ, ಯಾರೂ ಹೇಳದೆ, ಇಡೀ ವ್ಯಾನು ಬಾಯಿ ಮುಚ್ಚಿತು. ಹಾಲಗೌಡರು ಕಿಟಕಿಯಾಚೆ ತಿರುಗಿಕೊಂಡರು. ಮಾದಿ ಒಬ್ಬಳೇ ಅದನ್ನು ಹಾಡಿದಳು, ಆತುರವಿಲ್ಲದೆ, ಊರಿನವರು ತನಗೆ ಬಿಟ್ಟುಕೊಟ್ಟ ಜಾಗದಲ್ಲಿ ಕಾಲು ಚಾಚಿ ಕೂತವಳಂತೆ. ಡ್ರೈವರು ಗೂಡಲೂರು ಕಡೆಯ ಮಲಯಾಳಿ, ನಮ್ಮ ಮಾತು ತಿಳಿಯದವನು. ಏರುತಿರುವಿನಲ್ಲಿ ವ್ಯಾನು ಏದುಸಿರು ಬಿಡುತ್ತಿದ್ದರೂ ಆ ಸಾಲು ಮುಗಿಯುವ ತನಕ ಅವನು ಗೇರಿಗೆ ಕೈ ಹಾಕಲಿಲ್ಲ.