ಮೊದಲು ಮುಟ್ಟಿ ಕಣ್ಣಿಗೊತ್ತಿಕೊಳ್ಳಿ

ಗ್ಯಾರೇಜಿನಲ್ಲಿ ಬಲ್ಬು ಹುಡುಕುತ್ತಿದ್ದವನ ಕೈಗೆ ಒಂದು ಪುಟ್ಟ ಸೀಸೆ ಸಿಕ್ಕಿತು. ಮುಚ್ಚಳ ಸಡಿಲವಾಗಿತ್ತು. ಬೆರಳಿಗೆ ಅಂಟಿದ್ದನ್ನು ಮೂಸಿದೆ. ಹೊಲಿಗೆ ಮಷಿನ್ನಿನ ಎಣ್ಣೆ! ನೀವು ನಂಬುತ್ತೀರೋ ಇಲ್ಲವೋ, ಸ್ಯಾನ್ ಡಿಯಾಗೋದಲ್ಲಿ ನಿಂತ ನನಗೆ ಆ ವಾಸನೆಯಿಂದ ನೆನಪಾಗುವುದು ನಾನು ಹುಟ್ಟಿ ಬೆಳೆದ ಬೆಂಗಳೂರಲ್ಲ, ನಾನು ಇಂದಿಗೂ ಕಾಲಿಡದ ಮಲಾವಿ ದೇಶದ ಒಂದು ಹಳ್ಳಿ.

2020ರ ಬೇಸಿಗೆ. ಕರ್ನಿ ಮೆಸಾದ ನಮ್ಮ ಆಫೀಸಿಗೆ ಬೀಗ ಬಿದ್ದಿತ್ತು. ಮನೆಯಲ್ಲೇ ಕೂತು ಕೂತು ಬೇಜಾರಾದಾಗ ಮನುಷ್ಯನಿಗೆ ಲೋಕೋದ್ಧಾರದ ಆಸೆ ಹುಟ್ಟುತ್ತದೆ ನೋಡಿ, ನನಗೂ ಹುಟ್ಟಿತು. ಆಫ್ರಿಕಾದ ಹಳ್ಳಿಗಳಿಗೆ ವಾರಕ್ಕೊಂದು ಗಂಟೆ ಡಿಜಿಟಲ್ ಪಾಠ ಹೇಳುವವರು ಬೇಕೆಂದು ಒಂದು ಮೇಲ್ ಬಂದಿತ್ತು. ತಕ್ಷಣ ಅಪ್ಲೈ ಮಾಡಿದೆ. ಟೆಲಿಕಾಂನಲ್ಲಿ ಇಷ್ಟು ವರ್ಷ ಸವೆದವನು, ನನಗಿಂತ ಯೋಗ್ಯರು ಯಾರು? ಮೂವತ್ತೆರಡು ಸ್ಲೈಡ್ ತಯಾರಾದವು. ಮೊದಲನೆಯದು 'ಇಮೇಲ್ ಎಂದರೇನು'. ಎರಡನೆಯದು ಗಟ್ಟಿಮುಟ್ಟಾದ ಪಾಸ್‌ವರ್ಡ್ ಬಗ್ಗೆ.

ಶನಿವಾರ ಬೆಳಿಗ್ಗೆ ಏಳಕ್ಕೆ ನನ್ನ ಪಾಠ. ಅಲ್ಲಿ ಆಗ ಸಂಜೆ ನಾಲ್ಕು. ಶಾಲೆಯ ಮುಂದಿನ ಮಾವಿನ ಮರದ ಕೆಳಗೆ ಹನ್ನೆರಡು ಹೆಂಗಸರು, ಎಲ್ಲರ ನಡುವೆ ಒಂದೇ ಫೋನು. ಅದು ಚಾರ್ಜ್ ಆಗುವುದು ಶಾಲೆಯ ಮಾಡಿನ ಮೇಲಿನ ಸೋಲಾರ್ ಹಲಗೆಯಿಂದ. ಫೋನಿನ ಒಡತಿ ಮರ್ಸಿ, ಅವರಿಗೆಲ್ಲ ಹೊಲಿಗೆ ಕಲಿಸುತ್ತಿದ್ದ ಟೀಚರ್. ಎರಡನೆಯ ಸ್ಲೈಡಿಗೇ ಡೇಟಾ ಮುಗಿಯುವ ಹಾಗಾಗಿ ಅವಳು ವಿಡಿಯೋ ಆಫ್ ಮಾಡಿದಳು. ನಾನು ಮಾತ್ರ ಕಾಣದ ಸ್ಲೈಡುಗಳನ್ನು ತೋರಿಸುತ್ತಲೇ ಹೋದೆ. ಮೂರನೆಯ ವಾರ ಮರ್ಸಿ ಬಹಳ ಮರ್ಯಾದೆಯಿಂದ ಇಂಗ್ಲಿಷಿನಲ್ಲಿ ಕೇಳಿದಳು: "ಸರ್, ಪಾಠ ತುಂಬಾ ಚೆನ್ನಾಗಿದೆ. ಆದರೆ ನಮ್ಮ ಮಷಿನ್‌ಗಳು ತಿರುಗುತ್ತಿಲ್ಲ. ಅದಕ್ಕೇನಾದರೂ ಸ್ಲೈಡ್ ಇದೆಯಾ?"

ಇರಲಿಲ್ಲ. ಆಗ ವಿಷಯ ಗೊತ್ತಾಯಿತು. ದಾನಿಗಳು ಕೊಟ್ಟ ಆರು ಹಳೆಯ ಕಾಲ್ಮಷಿನ್‌ಗಳಲ್ಲಿ ನಾಲ್ಕು ಕೆಟ್ಟು ನಿಂತಿದ್ದವು. ತಿಂಗಳ ಕೊನೆಗೆ ದಾನಿಗಳ ಕಡೆಯವರು ನೋಡಲು ಬರುತ್ತಾರೆ. ಮಷಿನ್‌ಗಳು ಓಡದಿದ್ದರೆ ಆರನ್ನೂ ಪೇಟೆಗೆ ಸಾಗಿಸುತ್ತಾರೆ. ಶಾಲೆ ಮತ್ತೆ ತೆರೆಯುವಾಗ ಮಕ್ಕಳ ಯೂನಿಫಾರ್ಮ್ ಹೊಲಿಯುವ ಕೆಲಸ ಈ ಹೆಂಗಸರಿಗೇ ಎಂದು ಮಾತಾಗಿತ್ತು. ಮಷಿನ್ ಹೋದರೆ ಆ ಕೆಲಸವೂ ಹೋಯಿತು, ಮರ್ಸಿಯ ಕ್ಲಾಸೂ ಹೋಯಿತು.

"ಶಬ್ದ ಕೇಳಿಸಲಾ ಸರ್?" ಎಂದು ಅವಳು ಚಕ್ರ ತಿರುಗಿಸಿದಳು. ಕರಕರ ಎಂದಿತು. ನನಗೆ ಏನೂ ತಿಳಿಯಲಿಲ್ಲ. ಆದರೆ ಅಡುಗೆಮನೆಯಲ್ಲಿ ಹೀರೇಕಾಯಿ ಹೆರೆಯುತ್ತಿದ್ದ ಅತ್ತೆಯ ಕೈ ನಿಂತಿತು.

ನಮ್ಮತ್ತೆ ಗದಗಿನವರು. ಅಲ್ಲಿ ಇಪ್ಪತ್ತೈದು ವರ್ಷ ಹೊಲಿಗೆ ಕ್ಲಾಸ್ ನಡೆಸಿದವರು. ಮೂರು ತಿಂಗಳಿಗೆಂದು ಮಗಳ ಮನೆಗೆ ಬಂದು, ವಿಮಾನ ನಿಂತು, ನಮ್ಮಲ್ಲೇ ಸಿಕ್ಕಿಕೊಂಡಿದ್ದರು. ಆ ಹೊತ್ತಿಗಾಗಲೇ ಮನೆಯ ಪರದೆಗಳನ್ನೆಲ್ಲ ಗಿಡ್ಡ ಮಾಡಿ, ನನ್ನ ಪ್ಯಾಂಟುಗಳ ಸೊಂಟ ಬಿಡಿಸಿ ಮುಗಿಸಿದ್ದರು. ಸೊಂಟ ಬಿಡಿಸುವ ಅಗತ್ಯ ಯಾಕೆ ಬಿತ್ತೆಂದು ಕೇಳಬೇಡಿ.

"ಅಳಿಯಾರ, ಇನ್ನೊಮ್ಮೆ ತಿರುಗಸಾಕ ಹೇಳ್ರಿ." ಕಣ್ಣು ಮುಚ್ಚಿ ಕೇಳಿಸಿಕೊಂಡರು. "ಅಯ್ಯ, ಅಡಿಗಿ ಎಣ್ಣಿ ಹಾಕ್ಯಾರ! ಅಂಟಾಗಿ ಕುಂತೈತಿ. ನಮ್ಮ ಗದಗಿನ ಹುಡುಗ್ಯಾರೂ ಇದನ್ನ ಮಾಡ್ತಿದ್ರು."

ನಮ್ಮತ್ತೆ ಹೀಗನ್ನುತ್ತಿದ್ದಾರೆ, ನಿಜವೇ ಎಂದು ಇಂಗ್ಲಿಷಿನಲ್ಲಿ ಕೇಳಿದೆ. ಆ ಕಡೆ ಹನ್ನೆರಡು ಹೆಂಗಸರ ನಗು. "ಹೌದು ಸರ್. ಅವರಿಗೆ ಹೇಗೆ ಕಾಣಿಸಿತು?" ಎಂದಳು ಮರ್ಸಿ.

ಅಲ್ಲಿಗೆ ನನ್ನ ಮಾಸ್ತರಿಕೆ ಮುಗಿಯಿತು. ಅನುವಾದಕ್ಕಾದರೂ ಇರೋಣವೆಂದರೆ ಅದನ್ನೂ ಅತ್ತೆ ಕಿತ್ತುಕೊಂಡರು. "ನಾ ಒಂದ್ ಮಾತು ಅಂದ್ರ ನೀವು ಹತ್ತು ಸೇರಸ್ತೀರಿ. ಕೂಸಿನ್ನ ಕರೀರಿ." ಕೂಸು ಎಂದರೆ ನನ್ನ ಮಗಳು, ಆಗ ಹತ್ತು ವರ್ಷ. ಕನ್ನಡ ಎಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲೇ. "ಅಜ್ಜಿ, ಯೂ ಆರ್ ಆನ್ ಮ್ಯೂಟ್!" ಎನ್ನುವುದರಿಂದ ಪಾಠ ಶುರು. ಅಜ್ಜಿಯ ಗದಗಿನ ಮಾತು ಮೊಮ್ಮಗಳ ಇಂಗ್ಲಿಷಾಗಿ, ಮರ್ಸಿಯ ಬಾಯಲ್ಲಿ ಚಿಚೇವ ಭಾಷೆಯಾಗಿ ಮಾವಿನ ಮರದ ಕೆಳಗೆ ತಲುಪುತ್ತಿತ್ತು. ಸೀಮೆಎಣ್ಣೆಯಲ್ಲಿ ತೊಳೆಯುವುದು, ನೂಲಿನ ಉಂಡೆ ತೆಗೆಯುವುದು, ಯಾವ ತೂತಿಗೆ ಎಷ್ಟು ಹನಿ ಎಂಬುದು. ಗೆಳೆಯನೊಬ್ಬ ಇಂಡಿಯನ್ ಅಂಗಡಿಗಳಿರುವ ಆರ್ಟೀಸಿಯಾಕ್ಕೆ ದಿನಸಿಗೆ ಹೋದಾಗ ಈ ಎಣ್ಣೆ ಸೀಸೆ ತಂದುಕೊಟ್ಟಿದ್ದ. ಅದನ್ನು ಎದುರಿಗಿಟ್ಟುಕೊಂಡು ಅತ್ತೆ ಪಾಠ ಹೇಳುತ್ತಿದ್ದರು. ಎರಡು ಹನಿ ನನ್ನ ಲ್ಯಾಪ್‌ಟಾಪಿನ ಮೇಲೂ ಬಿದ್ದವು.

ಒಂದು ಶನಿವಾರ ಮರ್ಸಿ ತನ್ನ ನೋಟ್‌ಬುಕ್ಕಿನ ಫೋಟೋ ಕಳಿಸಿದಳು. ಓದಿ ನನಗೆ ಗಾಬರಿ. 'ಹೆಜ್ಜೆ ಒಂದು: ಬಲಗೈಯಿಂದ ಮಷಿನ್ ಮುಟ್ಟಿ, ಆ ಕೈಯನ್ನು ಎರಡೂ ಕಣ್ಣಿಗೆ ಒತ್ತಿಕೊಳ್ಳಿ. ಹೆಜ್ಜೆ ಎರಡು: ಸೂಜಿ ಬಿಚ್ಚಿ.' ಮಗಳು ಅಜ್ಜಿಯ ಒಂದು ಮಾತನ್ನೂ ಬಿಡದೆ ಅನುವಾದ ಮಾಡಿದ್ದಳು!

"ಅತ್ತೆ, ಇದು ರಿಪೇರಿ ಅಲ್ಲ, ನಮ್ಮ ಪದ್ಧತಿ ಅಂತ ಹೇಳಿಬಿಡ್ತೀನಿ," ಎಂದೆ.

"ಯಾಕ್ರಿ? ಕೈ ಕಣ್ಣಿಗೆ ಹಚ್ಚಿದವರು ಒಂದು ಗಳಿಗಿ ಸುಮ್ನ ನಿಂದರತಾರ. ಗಡಿಬಿಡಿ ಮಾಡಿದವರೇ ಬೆರಳು ಚುಚ್ಚಿಕೊಳ್ಳೂದು. ಇರ್ಲಿ ಬಿಡ್ರಿ, ನಿಮ್ಮ ಪಾಸ್‌ವರ್ಡ್‌ಕಿಂತ ಛಲೋ ಐತಿ."

ಆದರೂ ಮರ್ಸಿಗೆ ನಿಜ ಹೇಳಿದೆ. "ನಮ್ಮ ಅಜ್ಜಿ ಗುದ್ದಲಿ ಎತ್ತುವ ಮೊದಲು ಅದರ ಜೊತೆ ಮಾತಾಡುತ್ತಿದ್ದರು ಸರ್. ಇದು ಇರಲಿ," ಎಂದಳು.

ತಿಂಗಳ ಕೊನೆಗೆ ಐದು ಮಷಿನ್ ಓಡಿದವು. ಆರನೆಯದು ಅತ್ತೆಗೂ ಬಗ್ಗಲಿಲ್ಲ. ಅದನ್ನು ಬಿಚ್ಚಿ ಬಿಡಿಭಾಗ ಮಾಡಿಕೊಂಡರು. ದಾನಿಗಳು ಬಂದರು, ನೋಡಿದರು, ಮಷಿನ್‌ಗಳನ್ನು ಅಲ್ಲೇ ಬಿಟ್ಟು ಹೋದರು. ಆ ದಿನ ಫೋನಿನ ತುಂಬ "ಝಿಕೊಮೊ, ಝಿಕೊಮೊ" ಎಂಬ ಧನ್ಯವಾದ. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ನಾನೂ ಅತ್ತೆ, ಸೆರಗಿಲ್ಲದೆ.

ಎಣ್ಣೆ ಬೆರಳಿನಲ್ಲೇ ಗ್ಯಾರೇಜಿನಿಂದ ಒಳಗೆ ಬಂದೆ. ಇವತ್ತೂ ಶನಿವಾರ. ಮರ್ಸಿಯ ಹಳೆಯ ವಿದ್ಯಾರ್ಥಿನಿಯೊಬ್ಬಳು ಪಕ್ಕದ ಹಳ್ಳಿಯಲ್ಲಿ ಹೊಸ ಕ್ಲಾಸ್ ಶುರು ಮಾಡಿದ್ದಾಳೆ. ಅಲ್ಲೊಂದು ಮಷಿನ್ ಹಟ ಹಿಡಿದಿದೆಯಂತೆ, ಅಜ್ಜಿಗೆ ಕೇಳಿಸಬೇಕಂತೆ. ಊರಿಗೆ ಮರಳಿರುವ ಅತ್ತೆಗೆ ಗದಗಿಗೆ ಫೋನ್ ಮಾಡಿದರೆ ಎತ್ತಲಿಲ್ಲ. ಅಲ್ಲಿ ಸಂಜೆಯ ಧಾರಾವಾಹಿ ಹೊತ್ತು, ಎತ್ತುವುದೂ ಇಲ್ಲ. ಒಳ್ಳೇ ಪಜೀತಿ! ಮೂವತ್ತೆರಡು ಸ್ಲೈಡಿನ ಮಾಸ್ತರ ಒಬ್ಬನೇ ಲ್ಯಾಪ್‌ಟಾಪಿನ ಮುಂದೆ ಕೂತೆ.

"ಅಪ್ಪಾ, ಸ್ಟೆಪ್ ಒನ್," ಎಂದಳು ಹಿಂದಿನಿಂದ ಮಗಳು. ಈಗ ನನ್ನ ಹೆಗಲಿಗಿಂತ ಎತ್ತರ. ನಾಚುತ್ತಲೇ ಲ್ಯಾಪ್‌ಟಾಪ್ ಮುಟ್ಟಿ ಕಣ್ಣಿಗೊತ್ತಿಕೊಂಡೆ. ಒಂದಕ್ಕೆ ಹತ್ತು ಮಾತು ಸೇರಿಸದಿರಲೆಂದು ನನ್ನ ಮೈಕು ನಾನೇ ಮ್ಯೂಟ್ ಮಾಡಿದೆ. ಆ ಕಡೆ ಯಾರೋ ಚಕ್ರ ತಿರುಗಿಸಿದರು. ಕರಕರ ಎಂದಿತು. ನಾನಿನ್ನೂ ಯೋಚಿಸುತ್ತಿದ್ದೆ.

ಮಗಳು ಕಣ್ಣು ಮುಚ್ಚಿ ಕೇಳಿಸಿಕೊಂಡಳು. ಆಮೇಲೆ, ನನಗೆ ಹದಿನೈದು ವರ್ಷ ಇಂಗ್ಲಿಷಿನಲ್ಲೇ ಉತ್ತರ ಕೊಟ್ಟ ಹುಡುಗಿ, ಅಪ್ಪಟ ಗದಗಿನ ರಾಗದಲ್ಲಿ ಕೂಗಿದಳು: "ಅಯ್ಯ, ಅಡಿಗಿ ಎಣ್ಣಿ ಹಾಕ್ಯಾರ!"