ಟಿವಿಗೆ ನದರು ತೆಗೆದ ಮಧ್ಯಾಹ್ನ

ಬ್ಯಾಡಗಿಯಲ್ಲಿ ಸುಗ್ಗಿಯ ತಿಂಗಳುಗಳಲ್ಲಿ ನಮ್ಮ ಪಡಸಾಲೆ ಅರ್ಧ ಮನೆ, ಅರ್ಧ ಗೋದಾಮು. ವ್ಯಾಪಾರಸ್ಥರ ಕಡೆಯಿಂದ ಚೀಲ ಬರುತ್ತಿದ್ದವು. ಮೆಣಸಿನಕಾಯಿಯನ್ನು ತಾಡಪತ್ರಿಯ ಮೇಲೆ ಸುರುವಿ, ಓಣಿಯ ನಾಲ್ಕಾರು ಹೆಂಗಸರು ಸುತ್ತ ಕುಳಿತು ತೊಟ್ಟು ಬಿಡಿಸುತ್ತಿದ್ದೆವು. ಹೊರಗಿನವರು ಹೊಸ್ತಿಲಿಗೇ ಸೀನುತ್ತಿದ್ದರು. ನಮ್ಮ ಮೂಗುಗಳು ಆ ಘಾಟಿಗೆ ಎಂದೋ ಸತ್ತುಹೋಗಿದ್ದವು.

ಓಣಿಗೆಲ್ಲ ಎರಡೋ ಮೂರೋ ಮೊಬೈಲು ಇದ್ದ ಕಾಲ ಅದು. ಆ ವರ್ಷ ಶನಿವಾರ ಸಂಜೆ ಟಿವಿಯಲ್ಲಿ ಒಂದು ಹಾಡಿನ ಸ್ಪರ್ಧೆ ಬರುತ್ತಿತ್ತು. ಬೇರೆ ಬೇರೆ ದೇಶಗಳ ಹುಡುಗ ಹುಡುಗಿಯರು ಒಂದೇ ವೇದಿಕೆಯ ಮೇಲೆ ಹಿಂದಿ ಹಾಡು ಹಾಡುತ್ತಿದ್ದರು. ನೋಡಿದ ಜನ ಮೊಬೈಲಿನಿಂದ ಮೆಸೇಜು ಕಳಿಸಿ ತಮಗೆ ಬೇಕಾದವರನ್ನು ಉಳಿಸಿಕೊಳ್ಳಬೇಕು.

ಆಗ ನನ್ನ ನಾದಿನಿ ನಮ್ಮಲ್ಲೇ ಇದ್ದಳು. ಅವಳನ್ನು ರಾಣೆಬೆನ್ನೂರಿಗೆ ಕೊಟ್ಟಿದ್ದೆವು. ಎರಡು ವರ್ಷದ ಮಗಳು ಜ್ವರದಲ್ಲಿ ತೀರಿಕೊಂಡ ಮೇಲೆ ಅವಳ ಮಾತು ನಿಂತುಬಿಟ್ಟಿತ್ತು. ಉಣ್ಣುತ್ತಿದ್ದಳು, ಕೆಲಸ ಮಾಡುತ್ತಿದ್ದಳು, ಕರೆದರೆ ತಿರುಗಿ ನೋಡುತ್ತಿದ್ದಳು. ಬಾಯಿ ಮಾತ್ರ ತೆರೆಯುತ್ತಿರಲಿಲ್ಲ. ಡಾಕ್ಟರು ಗಂಟಲು ನೋಡಿ ಏನೂ ಆಗಿಲ್ಲ ಎಂದಿದ್ದರು. ತವರಿನಲ್ಲಿದ್ದರೆ ಹಗುರಾದಾಳೆಂದು ಗಂಡನೇ ತಂದು ಬಿಟ್ಟಿದ್ದ. ಪ್ರತಿ ಭಾನುವಾರ ಬೆಳಗಿನ ಗಾಡಿಗೆ ಬಂದು, ಹೊಸ್ತಿಲಲ್ಲಿ ಸೀನಿ, ಅವಳ ಎದುರು ಕುಳಿತು ತಾನೊಬ್ಬನೇ ಮಾತಾಡಿ ಹೋಗುತ್ತಿದ್ದ.

ಸ್ಪರ್ಧೆಯಲ್ಲಿ ಸಮುದ್ರದಾಚೆಯ ದ್ವೀಪದೇಶದ ಒಬ್ಬ ಹುಡುಗಿ ಇದ್ದಳು. ಸಣಕಲು ಮೈ, ಹಾಡುವಾಗ ಮುಚ್ಚಿದ ಕಣ್ಣು. ಹಿಂದಿ ಅವಳ ಮಾತೂ ಅಲ್ಲ, ನಮ್ಮ ಮಾತೂ ಅಲ್ಲ. ಅವಳು ಮೊದಲ ಸಲ ಹಾಡಿದ ದಿನ ತೊಟ್ಟು ಬಿಡಿಸುತ್ತಿದ್ದ ನಾದಿನಿಯ ಕೈ ನಿಂತಿತು. ಅವಳ ಗಂಟಲಿನಿಂದ ಸಣ್ಣ ಗುನುಗು ಹೊರಟಿತು.

"ಯಾರೂ ಮಾತಾಡಬ್ಯಾಡ್ರೆ," ಅಂದರು ಅತ್ತೆ. ನಾವು ಉಸಿರನ್ನೂ ಮೆಲ್ಲಗೆ ಬಿಟ್ಟೆವು.

ಅಂದಿನಿಂದ ಆ ಹುಡುಗಿ ನಮ್ಮ ಓಣಿಯ ಹುಡುಗಿಯಾದಳು. ಅವಳು ಹಾಡಿದ ವಾರ ನಾದಿನಿ ಗುನುಗುತ್ತಿದ್ದಳು. ಮಾತು ಬಂದಿರಲಿಲ್ಲ, ದನಿಯಾದರೂ ಬಂದಿತ್ತಲ್ಲ. ಹೀಗೇ ಒಂದು ದಿನ ಮಾತಾಗುತ್ತದೆ ಎಂದು ಅತ್ತೆ ಕಾಯುತ್ತಿದ್ದರು. ಎದುರುಮನೆಯಾಕೆ ಫೋನ್ ಬೂತಿನವನ ಬೆನ್ನು ಬಿದ್ದು ಅವನ ಮೊಬೈಲಿನಿಂದ ಮೆಸೇಜು ಕಳಿಸುತ್ತಿದ್ದಳು.

"ನಮ್ಮ ದೇಶದ ಹುಡುಗನ್ನ ಬಿಟ್ಟು ಸಮುದ್ರದಾಚೆಯಾಕಿಗೆ ಹಾಕ್ತೀರಲ್ರಿ, ನಾಚಿಕಿ ಆಗಂಗಿಲ್ಲೇನು?" ಎಂದು ಅವನು ಕೆಣಕಿದರೆ ಆಕೆ, "ನಿನ್ನ ಹುಡುಗ ಹಾಡಿದ್ರ ನಮ್ಮ ಎಮ್ಮಿ ಹಾಲು ಕೊಡಾಂಗಿಲ್ಲ. ಸುಮ್ನ ಒತ್ತೋ!" ಎನ್ನುತ್ತಿದ್ದಳು.

ಒಂದು ಸಂಗತಿಯನ್ನು ಮಾತ್ರ ನಾವು ನಮ್ಮನಮ್ಮಲ್ಲೂ ಜೋರಾಗಿ ಆಡಿಕೊಳ್ಳಲಿಲ್ಲ. ಕೆಲವು ವಾರಗಳ ಮೇಲೆ ನಾದಿನಿಯ ಗುನುಗು ಹೊಸದಾಗತೊಡಗಿತು. ಮಂಗಳವಾರ, ಬುಧವಾರ ಯಾವುದೋ ಕೇಳದ ರಾಗ ಹಿಡಿಯುತ್ತಿದ್ದಳು. ಶನಿವಾರ ಆ ಹುಡುಗಿ ಕಣ್ಣು ಮುಚ್ಚಿ ಅದನ್ನೇ ಹಾಡುತ್ತಿದ್ದಳು. ನಡುನಡುವೆ ತೋರಿಸುವ ತುಣುಕಿನಲ್ಲಿ ಕೇಳಿರಬೇಕು ಅಂದುಕೊಂಡೆ. ಆದರೆ ಒಂದು ವಾರ ಪೂರ್ತಿ ಕೇಬಲ್ಲು ಕೆಟ್ಟು, ಶನಿವಾರ ಸಂಜೆಗಷ್ಟೇ ಸರಿಯಾಗಿತ್ತು. ಆ ವಾರವೂ ಹಾಗೇ ಆಯಿತು. ಎದುರುಮನೆಯಾಕೆ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಇಬ್ಬರೂ ಮೆಣಸಿನಕಾಯಿಗೆ ಕೈ ಹಾಕಿದೆವು.

ಫೈನಲ್ಲಿನ ವಾರ ನಾದಿನಿ ಗುನುಗಲೇ ಇಲ್ಲ. ಶನಿವಾರ ಸಂಜೆ ಫಲಿತಾಂಶದ ಹೊತ್ತಿಗೆ ಕರೆಂಟು ಹೋಯಿತು. ಮರುದಿನ ಮಧ್ಯಾಹ್ನ ಮತ್ತೆ ತೋರಿಸುವಾಗ ನೋಡಿದರಾಯಿತು ಎಂದುಕೊಂಡೆವು. ಯಾರು ಗೆದ್ದರೆಂದು ಹೊರಗಿನ ಊರುಗಳಿಗೆಲ್ಲ ಗೊತ್ತಾಗಿರಬೇಕು. ನಮ್ಮ ಓಣಿಯಲ್ಲಿ ಮಾತ್ರ ಅದು ಇನ್ನೂ ನಡೆದಿರಲಿಲ್ಲ.

ಭಾನುವಾರ ನಾದಿನಿಯ ಗಂಡ ಬಂದ. ಎಂದಿನಂತೆ ಸೀನಿದ. ಒಳಗೆ ಬಂದವನೇ ಅಡುಗೆಮನೆಗೆ ನುಗ್ಗಿ ದನಿ ಇಳಿಸಿದ.

"ಅಕ್ಕಾರ, ಆ ಹುಡುಗಿ ಸೋತಾಳ. ಗಾಡ್ಯಾಗ ಮಾತಾಡಾಕತ್ತಿದ್ರು. ಇಕಿಗೆ ಗೊತ್ತಾದ್ರ ಇದ್ದ ದನಿನೂ ಹೋದೀತು. ಟಿವಿ ಕೆಟ್ಟೈತಿ ಅನ್ರಿ."

ನಾನು ಬಾಯಿ ತೆರೆಯುವಷ್ಟರಲ್ಲಿ ಪಡಸಾಲೆಯಲ್ಲಿ ಹೆಂಗಸರು ಸೇರಿದ್ದರು, ಟಿವಿ ಹಚ್ಚಿದ್ದೂ ಆಗಿತ್ತು. ಅತ್ತೆ ಹಂಚಿನಲ್ಲಿ ಕೆಂಡ ತಂದಿಟ್ಟಿದ್ದರು.

"ಹುಡುಗಿಗೆ ನದರಾಗೇತಿ, ಅದಕ್ಕ ಇಕಿ ದನಿ ನಿಂತೈತಿ," ಎಂಬುದು ಅವರ ಲೆಕ್ಕ. ಪರದೆಯ ತುಂಬ ಆ ಹುಡುಗಿಯ ಮುಖ ಬಂದಾಗ ಮುಷ್ಟಿಯಲ್ಲಿ ಉಪ್ಪು, ಮೆಣಸಿನಕಾಯಿ ಹಿಡಿದು ಟಿವಿಗೆ ಮೂರು ಸಲ ನಿವಾಳಿಸಿದರು. ನಿನ್ನೆಯೇ ಮುಗಿದುಹೋದದ್ದಕ್ಕೆ ಇಂದು ದೃಷ್ಟಿ ತೆಗೆಯುತ್ತಿದ್ದ ಅವರ ಕೈಯನ್ನೇ ನೋಡುತ್ತ ನಾನು ಬಾಗಿಲಿಗೆ ಅಂಟಿಕೊಂಡು ನಿಂತೆ. ಮೆಣಸಿನಕಾಯಿ ಕೆಂಡಕ್ಕೆ ಬಿತ್ತು, ಕಪ್ಪಾಯಿತು, ಹೊಗೆ ಎದ್ದಿತು. ಘಾಟು ಬರಲಿಲ್ಲ.

ನದರು ದೊಡ್ಡದಿದ್ದರೆ ಸುಟ್ಟ ಮೆಣಸಿನಕಾಯಿಗೆ ಘಾಟು ಇರುವುದಿಲ್ಲ ಎನ್ನುತ್ತಾರೆ. ನಮ್ಮ ಮೂಗಿನ ಮಾತು ಬಿಡಿ. ಆದರೆ ಬರೀ ಹೊಸ್ತಿಲ ಧೂಳಿಗೆ ಸೀನುವ ರಾಣೆಬೆನ್ನೂರಿನವನು ಹಂಚಿನ ಪಕ್ಕವೇ ಕುಳಿತಿದ್ದ. ಹೊಗೆ ಅವನ ಮುಖದ ಮೇಲೆ ಹಾಯುತ್ತಿತ್ತು. ಅವನು ಕೆಮ್ಮಲಿಲ್ಲ. ತನ್ನ ಮೂಗನ್ನು ತಾನೇ ಮುಟ್ಟಿ ನೋಡಿಕೊಂಡ.

"ಎಂಥಾ ಕೆಟ್ಟ ನದರವ್ವಾ," ಎಂದು ಅತ್ತೆ ಹಂಚನ್ನು ಹಿತ್ತಲಿಗೆ ಒಯ್ದು, ಕೆಂಡಕ್ಕೆ ನೀರು ಹೊಯ್ದು ಬಂದರು.

ಫಲಿತಾಂಶ ಬಂತು. ಬೇರೆ ಹೆಸರು ಕೂಗಿದರು. ಎದುರುಮನೆಯಾಕೆ, "ಇವ್ರ ಬಾಯಾಗ ಮಣ್ಣ ಹಾಕ," ಎಂದು ಎದ್ದು ನಿಂತಳು. ಒಬ್ಬಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಖಾರದ ಕೈ ತಾಗಿ ಕಣ್ಣು ಇನ್ನಷ್ಟು ಸುರಿಯಿತು. ನಾದಿನಿ ಅಲುಗಲಿಲ್ಲ. ಅವಳ ಗಂಡ ಟಿವಿಯನ್ನು ನೋಡುತ್ತಿರಲಿಲ್ಲ, ಅವಳ ತುಟಿಗಳನ್ನು ನೋಡುತ್ತಿದ್ದ.

ಸೋತ ಹುಡುಗಿಯ ಕೈಗೆ ಮೈಕು ಕೊಟ್ಟರು. ಅವಳು ಕಣ್ಣು ಮುಚ್ಚಿ ಬಾಯಿ ತೆರೆದಳು. ದನಿ ಬರಲಿಲ್ಲ. ಜನರ ಚಪ್ಪಾಳೆ ಕೇಳುತ್ತಿತ್ತು, ಯಾರದೋ ನಗೆ ಕೇಳುತ್ತಿತ್ತು. ಅವಳ ತುಟಿ ಸುಮ್ಮನೆ ಆಡುತ್ತಿತ್ತು. ಆಗ ಪಡಸಾಲೆಯಲ್ಲಿ, ನನಗೂ ನಾದಿನಿಗೂ ನಡುವೆ, ಮೆಲ್ಲಗೆ ಒಂದು ಮಾತು ಕೇಳಿಸಿತು.

"ಸಾಕವ್ವಾ, ಇನ್ನ ಮಲಕೋ."

ಮರುಕ್ಷಣ ಘಾಟು ಎದ್ದಿತು. ಎಲ್ಲಿಂದ ಎಂದು ಹೇಳಲಾರೆ. ವರ್ಷಗಟ್ಟಲೆ ಬ್ಯಾಡಗಿಯ ಗಾಳಿ ಕುಡಿದ ನಾವೆಲ್ಲ ಕೆಮ್ಮುತ್ತ, ಒಬ್ಬರನ್ನೊಬ್ಬರು ತಳ್ಳುತ್ತ ಬೀದಿಗೆ ಓಡಿದೆವು. ಕೆಮ್ಮಿ ಕೆಮ್ಮಿ ಕೆಂಪಾಗಿದ್ದ ನಾದಿನಿ ಗಂಡನ ಅಂಗಿ ಹಿಡಿದು, "ನೀರು ತರ್ರಿ," ಅಂದಳು. ಅವನು ನೀರಿಗೆ ಓಡಲಿಲ್ಲ. ಅಲ್ಲೇ ಕಟ್ಟೆಯ ಮೇಲೆ ಕುಸಿದು ಕುಳಿತ. ನಾನೇ ಹಿತ್ತಲಿಗೆ ಸುತ್ತಿಕೊಂಡು ಹೋದೆ. ಹಂಚು ತಣ್ಣಗಿತ್ತು. ಕೆಂಡ ಒದ್ದೆಯಾಗಿತ್ತು.

ಮಾತು ಉಳಿಯಿತು. ಆ ತಿಂಗಳೇ ಅವಳು ರಾಣೆಬೆನ್ನೂರಿಗೆ ಹೋದಳು. ಗುನುಗುವುದನ್ನು ಮತ್ತೆ ಯಾರೂ ಕೇಳಲಿಲ್ಲ. ಆ ಹುಡುಗಿಯೂ ನಮ್ಮ ಕಣ್ಣಿಗೆ ಬೀಳಲಿಲ್ಲ. ಎದುರುಮನೆಯಾಕೆ ಎಷ್ಟೋ ದಿನ ಚಾನೆಲ್ಲು ತಿರುಗಿಸಿ ಹುಡುಕಿದಳು.

ಒಂದೆರಡು ವರ್ಷದ ಮೇಲೆ ಮದುವೆಯೊಂದಕ್ಕೆ ಹೋಗಿ, ಹಾವೇರಿ ಬಸ್‌ಸ್ಟ್ಯಾಂಡಿನಲ್ಲಿ ಇಬ್ಬರೇ ಕುಳಿತಿದ್ದಾಗ ನಾನು ಆ ದಿನದ ಮಾತು ತೆಗೆದೆ. "ಅವತ್ತು 'ಮಲಕೋ' ಅಂದದ್ದು…" ಎನ್ನುವಷ್ಟರಲ್ಲಿ ಅವಳು ನನ್ನ ಕೈ ಹಿಡಿದಳು.

"ನಾನ ಹೇಳಬೇಕಂತಿದ್ದೆ ವೈನಿ. ನಾ ಎಲ್ಲಿ ಗುನುಗತಿದ್ದೆ? ನನ್ನ ಮಗಳು ಕಿವ್ಯಾಗ ಗುನುಗತಿದ್ಲು, ನಾ ಆ ದನಿ ಬೆನ್ನ ಹತ್ತತಿದ್ದೆ. ನಿದ್ದಿ ಬಾರದಾಗ ಹಂಗ ಮಾಡಾಕಿ ಅಕಿ. ಮಲಕೋ ಅನ್ನಾಕ ನನಗ ಬಾಯಿ ಬರಲಿಲ್ಲ. ನೀವು ಅಂದ್ರಿ. ಅಂದಕೂಡ್ಲೆ ಸುಮ್ನಾದ್ಲು."

ನಾನು ಅಂದಿರಲಿಲ್ಲ. ಅದು ಅವಳದೇ ದನಿ ಎಂದು ಅಷ್ಟು ದಿನ ನಂಬಿದ್ದೆ.

ಬ್ಯಾಡಗಿಯ ಬಸ್ಸು ಬಂದು ನಿಂತಿತು. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು.

"ಹೂಂ," ಅಂದೆ. "ಯಾರಾರ ಅನ್ನಬೇಕಿತ್ತಲ್ಲವ್ವಾ. ನಾನ ಅಂದೆ."