ಹಿಂದೆ ನಿಂತವರು

ನಮ್ಮ ಮನೆಯವರು ತೀರಿಕೊಂಡ ಮೇಲೆ ನನ್ನ ಗಮನಕ್ಕೆ ಬಂದ ಮೊದಲ ಸಂಗತಿಯೆಂದರೆ, ಅವರದೊಂದು ನೆಟ್ಟಗಿನ ಫೋಟೋ ಮನೆಯಲ್ಲಿಲ್ಲ ಎಂಬುದು. ಫೋಟೋಗಳಿಗೇನೂ ಬರವಿರಲಿಲ್ಲ. ಮಗಳು ದೊಡ್ಡ ಮೊಬೈಲು ತಂದಂದಿನಿಂದ ಸೀಮಂತ, ತೊಟ್ಟಿಲು, ಹಬ್ಬ, ಎಲ್ಲದಕ್ಕೂ ನಾವು ಸಾಲಾಗಿ ನಿಂತವರೇ. ಆದರೆ ಇವರು ಎತ್ತರದ ಆಳು. ಯಾರೂ ಹೇಳದಿದ್ದರೂ ಹಿಂದೆ ಹೋಗಿ ನಿಲ್ಲುವವರು. ಮೊಬೈಲಿಗೋ ಮುಂದಿನವರು ಕಂಡರೆ ಸಾಕು. ಪ್ರತಿ ಫೋಟೋದಲ್ಲೂ ನನ್ನ ಮೂಗುತಿಯ ಹರಳು ಫಳಫಳ. ನನ್ನ ಹೆಗಲ ಹಿಂದೆ ಅವರು ಮಾತ್ರ ಹಬೆ ಹಿಡಿದ ಗಾಜಿನಾಚೆ ನಿಂತಂತೆ.

ಶಿವಗಣಾರಾಧನೆಯ ಹೊತ್ತಿಗೆ ಮಾಲೆ ಹಾಕಲು ಗೋಡೆಗೊಂದು ಮುಖ ಬೇಕಲ್ಲ. ಅಕ್ಕಿಆಲೂರಿನಲ್ಲಿ ಸ್ಟುಡಿಯೋ ಇಟ್ಟಿರುವ ಈರಣ್ಣನ ಹತ್ತಿರ ಮೊಬೈಲು ಒಯ್ದೆ.

"ಇದನ್ನ ತಿಳಿ ಮಾಡಾಕ ಬರೂದಿಲ್ರಿ ಅಕ್ಕಾರ," ಎಂದ. "ಹಿಂದಿಂದು ಮಸುಕಾದಷ್ಟೂ ಫೋಟೋ ಭಾರಿ ಕಾಣ್ತೈತಿ ಅಂತ ಈಗ ಮಂದಿ ಬೇಕಂತನ ಹಂಗ ತಗಸ್ತಾರ."

"ಅದು ಹಿಂದಿಂದಲ್ಲಪಾ. ನಮ್ಮ ಮನಿಯವ್ರು."

"ಮೊಬೈಲಿಗೇನ್ ಗೊತ್ತ್ರಿ, ಗಂಡ ಯಾವುದು, ಗ್ವಾಡಿ ಯಾವುದು."

ಇಷ್ಟು ವರ್ಷದ ಸಂಸಾರದಲ್ಲಿ ನನಗೂ ಒಮ್ಮೊಮ್ಮೆ ಆ ವ್ಯತ್ಯಾಸ ತಿಳಿದಿರಲಿಲ್ಲ.

ಹತ್ತಿರದ್ದೂ ದೂರದ್ದೂ ಒಟ್ಟಿಗೆ ತಿಳಿಯಾಗಿ ಬರಬೇಕಾದರೆ ಕ್ಯಾಮೆರಾದ ಕಂಡಿ ಸಣ್ಣದಿರಬೇಕಂತೆ, ಬಿಸಿಲು ಜೋರಿರಬೇಕಂತೆ. ಈರಣ್ಣ ಇದನ್ನು ದೊಡ್ಡ ವಿದ್ಯೆಯಂತೆ ಹೇಳಿದ. ನಮ್ಮವರು ಇದನ್ನು ಹಾನಗಲ್ಲಿನ ಬಸ್‌ಸ್ಟ್ಯಾಂಡಿನಲ್ಲಿ ನಿತ್ಯ ಮಾಡಿ ತೋರಿಸುತ್ತಿದ್ದರು. ಚಾಳೀಸು ಹಾಕಿಕೊಳ್ಳಿ ಎಂದರೆ, "ಕಣ್ಣ ಸಣ್ಣ ಮಾಡಿದ್ರ ಎಲ್ಲಾ ಕಾಣ್ತೈತಿ, ಚಾಳೀಸ ಯಾಕ?" ಎಂದು ರೆಪ್ಪೆ ಕಿರಿದು ಮಾಡಿ ಬೋರ್ಡು ಓದುವರು. ಆಮೇಲೆ ಸವಣೂರಿನದೆಂದು ಹಿರೇಕೆರೂರಿನ ಬಸ್ಸು ಹತ್ತುವರು. ಶಾಸ್ತ್ರ ಸರಿಯಾಗಿಯೇ ಇತ್ತು.

ಕೊನೆಗೆ ಟ್ರಂಕಿನ ತಳದಲ್ಲೊಂದು ಹಳೆಯ ಫೋಟೋ ಸಿಕ್ಕಿತು. ಮೈದುನ ತನ್ನ ರೋಲ್ ಕ್ಯಾಮೆರಾದಲ್ಲಿ ನಡುಮಧ್ಯಾಹ್ನ ನಮ್ಮ ಅಂಗಳದಲ್ಲಿ ತೆಗೆದದ್ದು. ಎಲ್ಲವೂ ತಿಳಿ: ಕಣ್ಣು ಕಿರಿದು ಮಾಡಿ ಮುಂದೆ ನಿಂತ ಇವರು, ಒಣಹಾಕಿದ ಭತ್ತ, ಅದಕ್ಕೆ ಬಾಯಿ ಹಾಕಿದ ಕೋಳಿ, ದೂರದ ಬಾಗಿಲಲ್ಲಿ ಬಾಯಿ ತೆರೆದು ನಿಂತ ನಾನು. ಒಂದೇ ಒಂದು ಸಲ ಅವರು ಮುಂದೆ, ನಾನು ಹಿಂದೆ. ಆದರೂ ಆ ಬಡ ಕ್ಯಾಮೆರಾ ನನ್ನನ್ನು ಬಿಟ್ಟಿರಲಿಲ್ಲ.

"ಇದು ಛಲೋ ಐತಿ," ಎಂದ ಈರಣ್ಣ. "ಆದ್ರ ನೀವೂ ಬಂದೀರಲ್ರಿ. ಮಾಲಿ ಹಾಕೂ ಫೋಟೋದಾಗ ಜೀವಂತ ಇದ್ದವ್ರು ಇರಬಾರ್ದು. ತಗದ ಬಿಡ್ತೇನ್ರಿ, ಒಂದ್ ನಿಮಿಷದ ಕೆಲಸ."

"ತಗೀಬ್ಯಾಡ," ಎಂದೆ. "ಮಸುಕು ಮಾಡು. ಯಾರಂತ ಗುರ್ತ ಸಿಗಬಾರ್ದು, ಅಷ್ಟ."

ಅವನು ನನ್ನ ಮುಖ ನೋಡಿ, ಮೌಸು ಎಳೆದುಕೊಂಡ.

ಈಗ ಪಡಸಾಲೆಯ ಗೋಡೆಯ ಮೇಲೆ ಅವರ ಮೀಸೆಯ ಕೂದಲು ಕೂದಲೂ ಕಾಣುತ್ತದೆ. ಮಸುಕಾಗುವ ಸರದಿ ನನ್ನದು. ಮಾತಾಡಿಸಲು ಬಂದವರು, "ಹಿಂದ ಬಾಗಲದಾಗ ಅದೇನವಾ?" ಎಂದರೆ, "ಪಡದೆ ಇರಬೇಕ್ರಿ" ಎನ್ನುತ್ತೇನೆ. ಒಬ್ಬಳೇ ಇದ್ದಾಗ ಅವರಂತೆ ಕಣ್ಣು ಸಣ್ಣ ಮಾಡಿ ನೋಡಿದ್ದುಂಟು. ಈರಣ್ಣ ಆಮೇಲೆ ಹಾಕಿದ ಮಸುಕು ಅದಕ್ಕೆಲ್ಲ ಹೋಗುವುದಿಲ್ಲ. ಹೋಗಬೇಕಾಗಿಯೂ ಇಲ್ಲ. ರೊಟ್ಟಿ ಆರಾಕತ್ತಾವು, ಬರ್ರಿ ಒಳಗ ಎಂದು ಆ ಬಾಗಿಲಲ್ಲಿ ನಿಂತು ಕೂಗುತ್ತಿರುವವಳು ಯಾರೆಂದು ನನಗೆ ಗೊತ್ತು. ಅವರು ಅಂದೂ ತಿರುಗಿ ನೋಡಿರಲಿಲ್ಲ.